ನೂರಹತ್ತು ಡೆಸಿಬಲ್ಲಿನ ಹಾಡು

ಮೀಟರ್ ಮಾಮನ ಪಾಲಿಗೆ ಲೋಕದಲ್ಲಿ ಎರಡೇ ಬಗೆಯ ಪದಾರ್ಥಗಳಿದ್ದವು: ಸದ್ದು ಮಾಡುವಂಥವು, ಮತ್ತು ಸದ್ದು ಮಾಡಲು ಇನ್ನೂ ಶುರುಮಾಡದಂಥವು. ಶಬ್ದಮಾಪನ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಮನುಷ್ಯ. ಹಿಟ್ಟಿನ ಗಿರಣಿ, ಜನರೇಟರು, ಧ್ವನಿವರ್ಧಕ ಯಾವುದೇ ಇರಲಿ, ಅದರ ಮುಂದೆ ಮೂರುಕಾಲಿನ ಸ್ಟ್ಯಾಂಡು ನೆಟ್ಟು, ತುದಿಯಲ್ಲಿ ಕರಿ ಸ್ಪಂಜಿನ ಉಂಡೆ ಹೊತ್ತ ಮೀಟರನ್ನು ಅದರ ಮೇಲೆ ಕೂರಿಸಿ, ಅಂಕಿ ಬರೆದುಕೊಂಡು ಬರುವುದು ಅವನ ಕೆಲಸ. ಹಗಲಿನಲ್ಲಿ ಐವತ್ತೈದು ಡೆಸಿಬಲ್ ದಾಟಿತೋ, ನೋಟಿಸು. ಸದ್ದು ಮಾಡಿದ ಯಂತ್ರಕ್ಕೆ ಕಚೇರಿಯ ಗೋದಾಮಿನಲ್ಲಿ ತೊಂಬತ್ತು ದಿನ ವಾಸ.

ದಾಕ್ಷಿಣ್ಯ ಎಂಬುದು ಅವನ ಜಾತಕದಲ್ಲೇ ಇರಲಿಲ್ಲ. ತನ್ನ ಮದುವೆಯಲ್ಲೇ ಬ್ಯಾಂಡಿನವರ ಮುಂದೆ ಮೀಟರ್ ಹಿಡಿದು, "ಮೂರು ಡೆಸಿಬಲ್ ಜಾಸ್ತಿ, ನಿಲ್ಸಿ" ಎಂದವನು. ತಡವಾಗಿ ಬಂದ ನೆಂಟರು ಆ ನಿಶ್ಶಬ್ದ ಕಂಡು ಬೇರೆ ಯಾವುದೋ ಕಾರ್ಯಕ್ಕೆ ಬಂದೆವೇನೋ ಎಂದುಕೊಂಡು, ಅವನ ಕೈಹಿಡಿದು ಮೆಲ್ಲಗೆ ಸಂತಾಪ ಹೇಳಿ ಹೋದರಂತೆ.

ಇಂಥವನಿಗೆ ಹುಟ್ಟಿದ ಒಬ್ಬಳೇ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿ, ಹಿಪ್ ಹಾಪ್ ಹಾಡು ಕಟ್ಟತೊಡಗಿದಳು.

ಅದು ಆಲ್ಬಮ್ಮಲ್ಲ, ಸಿಂಗಲ್ಲು. ಒಂದೇ ಹಾಡು. ಅದರಲ್ಲಿ ಎಂಟು ಸಾಲು ಹೇಳಲು ಒಬ್ಬ ಅತಿಥಿ ರ್‍ಯಾಪರ್ ಬೇರೆ. ವೇದಿಕೆಯ ಹೆಸರು 'ಸಿಡಿಲು'. ಊರಿನ ರೇಡಿಯೋದಲ್ಲಿ ಹೊಸ ಹಾಡುಗಳ ಒಂದು ಕಾರ್ಯಕ್ರಮವಿತ್ತು. ಅದಕ್ಕೆ ಹಾಡು ಕಳಿಸಲು ಭಾನುವಾರ ಸಂಜೆ ಆರು ಗಂಟೆಯೇ ಕೊನೆ, ಸಿಡಿಲಿಗೆ ಬಿಡುವಿದ್ದದ್ದೂ ಆ ಭಾನುವಾರವೇ. ಇಷ್ಟು ವಿಷಯ ಮಾಮನಿಗೆ ಗೊತ್ತಿತ್ತು. ಹಾಡು ಹೇಗಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಮಗಳು ಕೇಳಿಸಿರಲಿಲ್ಲ. ಕೇಳಿಸದಿರಲು ಅವಳಿಗೊಂದು ಕಾರಣವಿತ್ತು. ಆರನೇ ತರಗತಿಯಲ್ಲಿ ಅವಳು ಶಾಲೆಯ ವೇದಿಕೆ ಹತ್ತಿ ಹಾಡಿದ್ದಳು. ಮೂರನೇ ಸಾಲಿನಲ್ಲಿ ಕೂತಿದ್ದ ಅಪ್ಪನ ಬಳಿ ಓಡಿಬಂದು, "ಹೇಗಿತ್ತಪ್ಪಾ?" ಎಂದಾಗ ಅಪ್ಪ ಮಡಿಲಲ್ಲಿದ್ದ ಮೀಟರ್ ನೋಡಿ ಹೇಳಿದ್ದ: "ಅರವತ್ತೆರಡು."

ಹೀಗಿರಲು, ಒಂದು ಮಂಗಳವಾರ ಲಿಫ್ಟಿನಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಎದುರಾದ. ಹದಿನೆಂಟು ಮನೆಗಳ ಕಷ್ಟಸುಖವನ್ನು ತಲೆಯ ಮೇಲೆ ಹೊತ್ತು, ಅದಕ್ಕಿಂತ ಹೆಚ್ಚಾಗಿ ಕಂಕುಳಲ್ಲಿ ಫೈಲಾಗಿ ಹೊತ್ತು ತಿರುಗುವ ಮನುಷ್ಯ.

"ಏನ್ರೀ ಮೀಟ್ರು, ಮಗಳು ಹಾಡು ಮಾಡ್ತಿದಾಳಂತೆ?"

"ಮಾಡ್ತಿದಾಳೆ. ಅತಿಥಿ ರ್‍ಯಾಪರ್ ಬೇರೆ ಬರ್ತಿದಾನೆ. ಸಿಡಿಲು ಅಂತ."

"ಹೇಗಿದೆ ಹಾಡು?"

ಮಾಮನ ಎದೆ ಉಬ್ಬಿತು. ಹೊಗಳಬೇಕು, ಆದರೆ ಹೊಗಳುವುದಕ್ಕೆ ಅವನ ಬಳಿ ಇದ್ದದ್ದು ಒಂದೇ ಮಾನ. ಬಟ್ಟೆಯಂಗಡಿಯವನು ಮೀಟರಿನಲ್ಲಿ ಹೊಗಳುತ್ತಾನೆಯೇ ಹೊರತು ಲೀಟರಿನಲ್ಲಿ ಹೊಗಳಿಯಾನೆ?

"ನೂರಹತ್ತು ಡೆಸಿಬಲ್ಲಿಗೆ ಒಂದು ಚೂರೂ ಕಡಿಮೆ ಇಲ್ಲ ಸ್ವಾಮಿ!"

ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಕಾರ್ಯದರ್ಶಿಯ ಎದೆಯೂ ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಸಂಜೆಯೊಳಗೆ ಸುದ್ದಿ ಹದಿನೆಂಟು ಮನೆಗೂ ಮುಟ್ಟಿತು. ನೂರಹತ್ತು ಅಂದರೆ ಎಷ್ಟು ಎಂದು ಯಾರೋ ಫೋನಿನಲ್ಲಿ ಹುಡುಕಿ, ಕಲ್ಲು ಕೊರೆಯುವ ಯಂತ್ರದಷ್ಟು ಎಂದರು. ಬುಧವಾರ ಬೆಳಗ್ಗೆ ಕೆಳಗಿನ ಮನೆಯ ಟೀಚರಮ್ಮನಿಗೆ ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಎದುರುಮನೆಯವರ ಗಾಜಿನ ತೊಟ್ಟಿಯ ಮೀನು ಊಟ ಬಿಟ್ಟಿತು. ಗುರುವಾರ ಎರಡನೇ ಮಹಡಿಯ ಗೋಡೆಯಲ್ಲಿ ಬಿರುಕು ಕಂಡಿತು. ಆ ಬಿರುಕು ಕಟ್ಟಡ ಕಟ್ಟಿದ ವರ್ಷದಿಂದಲೂ ಅಲ್ಲೇ ಇತ್ತು, ಯಾರೂ ಅದಕ್ಕೆ ಕಾರಣ ಕೊಟ್ಟಿರಲಿಲ್ಲ, ಅಷ್ಟೆ.

ಇಷ್ಟೆಲ್ಲ ನಡೆಯುವಾಗ ಮಗಳು ಮಾಡುತ್ತಿದ್ದುದಿಷ್ಟು: ತನ್ನ ಕೋಣೆಯ ಬಟ್ಟೆ ಬೀರುವಿನೊಳಗೆ ಮೂರು ರಜಾಯಿ ನೇತುಹಾಕಿ, ಅದರೊಳಗೆ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಮೈಕಿನ ಮುಂದೆ ತನ್ನ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದಳು. ಪಕ್ಕದ ಕೋಣೆಯ ಅಜ್ಜಿಗೂ ಅದು ಕೇಳಿರಲಿಲ್ಲ. ಅಜ್ಜಿಗೆ ಏನೂ ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಶುಕ್ರವಾರ ಮಾಮನ ಮೇಜಿಗೆ ಒಂದು ದೂರು ಬಂತು. "ನಮ್ಮ ಕಟ್ಟಡದ ಮೂರನೇ ಮಹಡಿಯಿಂದ ನೂರಹತ್ತು ಡೆಸಿಬಲ್ ಪ್ರಮಾಣದ ಅಸಹನೀಯ ಶಬ್ದ ಹೊರಡುತ್ತಿದ್ದು..." ಓದುತ್ತಾ ಹೋದಂತೆ ಮಾಮನಿಗೆ ರೋಮಾಂಚನವಾಯಿತು. ವಿಳಾಸ ತನ್ನದೇ! ಮತ್ತೊಬ್ಬನಾಗಿದ್ದರೆ ಅವಮಾನವೆಂದು ತಲೆ ತಗ್ಗಿಸುತ್ತಿದ್ದ. ಮಾಮ ಎದ್ದು ಹೋಗಿ ಪಕ್ಕದ ಮೇಜಿನ ಗುಮಾಸ್ತನಿಗೆ ಕಾಗದ ತೋರಿಸಿದ.

"ನೋಡಯ್ಯಾ, ನಾನು ಅಂದಾಜಿನಲ್ಲಿ ಹೇಳಿದ್ದು ನೂರಹತ್ತು. ಜನರ ಕಿವಿಗೂ ಸರಿಯಾಗಿ ನೂರಹತ್ತೇ ಬಿದ್ದಿದೆ. ಹದಿನೆಂಟು ಮನೆಯವರು ಸಹಿ ಹಾಕಿದ್ದಾರೆ!"

ಗುಮಾಸ್ತ ಎಣಿಸಿ ನೋಡಿದ. "ನಿಮ್ಮ ಕಟ್ಟಡದಲ್ಲಿ ಇರೋದೇ ಹದಿನೆಂಟು ಮನೆ ಅಲ್ವಾ ಸಾರ್? ನಿಮ್ಮದೂ ಸೇರಿ?"

ಮಾಮ ಕೊನೆಯ ಸಹಿಯನ್ನು ಬೆಳಕಿಗೆ ಹಿಡಿದ. ಹೆಂಡತಿಯದು. ಆ ಸಂಜೆ ಕೇಳಿದರೆ ಅವಳು ಒಗ್ಗರಣೆ ಸೌಟು ಕೆಳಗಿಡದೆ ಉತ್ತರಿಸಿದಳು: "ಕಾರ್ಯದರ್ಶಿ ಬಂದು ಸಹಿ ಅಂದ್ರು. ಲಿಫ್ಟ್ ರಿಪೇರಿ ಕಾಗದ ಇರ್ಬೇಕು ಅಂದ್ಕೊಂಡೆ ಕಣ್ರೀ. ವರ್ಷಕ್ಕೆ ನಾಲ್ಕು ಸಲ ಅದನ್ನೇ ತರ್ತಾರಲ್ಲ."

ಆದರೆ ಅವನು ಕಚೇರಿಯಿಂದ ಹೊರಡುವ ಮೊದಲೇ ಅಲ್ಲಿನ ಸಾಹೇಬರು ದೂರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಾಗಿತ್ತು: ಭಾನುವಾರ ಸ್ಥಳ ಪರೀಕ್ಷೆ.

"ಸಾರ್, ನಮ್ಮ ಮನೆಯನ್ನ ನಾನೇ ಅಳೆಯೋದು ಸರಿಯಾಗತ್ತಾ?"

"ಕಚೇರಿಯಲ್ಲಿ ಮೀಟರ್ ಇರೋದೊಂದು, ಅದನ್ನ ಹಿಡಿಯೋಕೆ ಬರೋದು ನಿಮಗೊಬ್ರಿಗೆ. ಅಳೀರಿ. ಸಾಕ್ಷಿಗೆ ನಾನು ಬಂದು ಪಕ್ಕದಲ್ಲಿ ನಿಂತಿರ್ತೀನಿ. ಐವತ್ತೈದು ದಾಟಿದ್ರೆ ಮೈಕು, ಕಂಪ್ಯೂಟರು, ಸ್ಪೀಕರು, ಎಲ್ಲ ಗೋದಾಮಿಗೆ. ನಿಯಮ ಅಂದ್ರೆ ನಿಯಮ. ನೀವೇ ಅಲ್ವೇನ್ರೀ ಅದನ್ನ ನಮಗೆಲ್ಲ ಕಲಿಸಿದ್ದು?"

ಮಗಳಿಗೆ ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ. ಬೀರುವಿನಿಂದ ತಲೆ ಹೊರಹಾಕಿ ಕೇಳಿದಳು.

"ಯಾರಿಗೂ ಕೇಳಿಸದ ಹಾಡಿನ ಮೇಲೆ ದೂರು ಬರೋ ಹಾಗೆ ಮಾಡಿದ್ದೀಯಲ್ಲಪ್ಪಾ. ಇದನ್ನ ಯಾವ ಮೀಟರಲ್ಲಿ ಅಳೀತೀಯ?"

"ಹೆದರಬೇಡ. ನಾನು ನ್ಯಾಯವಾಗೇ ಅಳೀತೀನಿ."

"ಅದೇ ಹೆದರಿಕೆ" ಎಂದು ಅವಳು ಬೀರುವಿನ ಬಾಗಿಲು ಹಾಕಿಕೊಂಡಳು.

ಅಜ್ಜಿಯೊಬ್ಬಳಿಗೆ ಮಾತ್ರ ಎಲ್ಲಿಲ್ಲದ ಉತ್ಸಾಹ. ಅವಳಿಗೆ ಸುದ್ದಿಯನ್ನು ಕಾಗದದಲ್ಲಿ ಬರೆದು ತೋರಿಸಿದ್ದರು. "ನೂರಹತ್ತಾ? ಬಿಡು, ಕೊನೆಗೂ ಈ ಮನೇಲಿ ನನಗೆ ಕೇಳಿಸೋ ಹಾಗೆ ಒಬ್ರು ಹಾಡ್ತಾರೆ" ಎಂದು ಶನಿವಾರವೇ ತಲೆ ಬಾಚಿಕೊಂಡು ಕೂತಳು.

ಭಾನುವಾರ ಎರಡು ಗಂಟೆಗೆ ಮೂರನೇ ಮಹಡಿಯ ಮೆಟ್ಟಿಲ ತುಂಬ ಜನ. ದೂರುದಾರರು ತಾವು ದೂರು ಕೊಟ್ಟ ಸದ್ದನ್ನು ಮೊದಲ ಸಲ ಕೇಳಲು ಕುರ್ಚಿ, ಸ್ಟೂಲುಗಳ ಸಮೇತ ಬಂದಿದ್ದರು. ಟೀಚರಮ್ಮ ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದಳು. ಎದುರುಮನೆಯಾಕೆ ಮೀನಿನ ತೊಟ್ಟಿಗೆ ಕಂಬಳಿ ಹೊದಿಸಿ ಬಂದಿದ್ದಳು. ಅವರ ನಡುವೆ ದಾರಿ ಮಾಡಿಕೊಳ್ಳುತ್ತಾ, "ಕ್ಷಮಿಸಿ... ಸ್ವಲ್ಪ... ದಯವಿಟ್ಟು..." ಎನ್ನುತ್ತಾ ಒಬ್ಬ ಸಣಕಲು ಯುವಕ ಮೇಲೆ ಬಂದ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಚಪ್ಪಲಿಯನ್ನು ಜೋಡಿಸಿ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಮಾಮನಿಗೆ ಕೈಮುಗಿದು ಏನೋ ಹೇಳಿದ.

"ಏನು?" ಎಂದ ಮಾಮ.

ಯುವಕ ಹತ್ತಿರ ಬಂದು ಮತ್ತೆ ಹೇಳಿದ. "ನಾನು ಸಿಡಿಲು, ಅಂಕಲ್."

ಮೆಟ್ಟಿಲ ಮೇಲೆ ನಿರಾಶೆಯ ಒಂದು ಅಲೆ ಮೇಲಿನಿಂದ ಕೆಳಗಿನವರೆಗೂ ಇಳಿದು ಹೋಯಿತು.

ವಿಚಾರಿಸಲಾಗಿ ತಿಳಿದದ್ದು: ಸಿಡಿಲು ಹಗಲಿನಲ್ಲಿ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸ ಮಾಡುತ್ತಿದ್ದ. ಏಳು ವರ್ಷ 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಕೂತು ಅವನ ಗಂಟಲು ತಗ್ಗಿನಲ್ಲೇ ಹದಗೊಂಡಿತ್ತು. ಪಿಸುಮಾತಿನಲ್ಲಿ ರ್‍ಯಾಪ್ ಮಾಡುವುದೇ ಅವನ ಖ್ಯಾತಿ. ಹೆಸರು ಮಾತ್ರ ಗೆಳೆಯರು ತಮಾಷೆಗೆ ಇಟ್ಟದ್ದು.

"ಆಂಟಿ, ಒಂದು ಲೋಟ ಬೆಚ್ಚಗಿನ ನೀರು ಸಿಗಬಹುದಾ?" ಎಂದು ಅವನು ಕೇಳಿದ. ಮಾಮನ ಹೆಂಡತಿ ತುಟಿಯ ಚಲನೆ ನೋಡಿ ಅರ್ಥಮಾಡಿಕೊಂಡು ತಂದುಕೊಟ್ಟಳು. ಅತ್ತೆಯ ಜೊತೆ ಇದ್ದು ಅವಳಿಗೆ ಆ ಅಭ್ಯಾಸವಿತ್ತು.

ಸಾಹೇಬರು ಬಂದರು. ಮಾಮ ಶಾಸ್ತ್ರೋಕ್ತವಾಗಿ ಶುರುಮಾಡಿದ. ಬಾಗಿಲಿನ ಹೊರಗೆ ಸ್ಟ್ಯಾಂಡು ನೆಟ್ಟು, ಎತ್ತರವನ್ನು ಟೇಪಿನಿಂದ ಅಳೆದ. ತಾಳೆ ನೋಡುವ ಪುಟ್ಟ ಯಂತ್ರವನ್ನು ಮೀಟರಿನ ಮೂತಿಗೆ ಸಿಕ್ಕಿಸಿದ. ಅದು 'ಕೂಂ' ಎಂದು ಒಂದೇ ಸ್ವರ ಹೊರಡಿಸಿತು. ತೊಂಬತ್ತನಾಲ್ಕು ಬರಬೇಕು, ತೊಂಬತ್ತನಾಲ್ಕೇ ಬಂತು. "ಮೀಟರ್ ಸರಿ ಇದೆ" ಎಂದು ಸಾಹೇಬರು ಬರೆದುಕೊಂಡರು.

"ಮೊದಲು ಹಾಡು ಇಲ್ಲದೆ ಅಳೀಬೇಕು" ಎಂದ ಮಾಮ. ಮೀಟರ್ ಅರವತ್ತೇಳು ತೋರಿಸಿತು. ಹಾಡು ಇಲ್ಲದೆಯೇ! ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಮೆಟ್ಟಿಲ ಮೇಲೆ ಹದಿನೇಳು ಮನೆಯವರು ಸದ್ದಿನ ಹಾವಳಿಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

"ರೀ, ಸುಮ್ನಿರಿ! ಸದ್ದು ಕೇಳಿಸ್ತಿಲ್ಲ!" ಎಂದು ಕಾರ್ಯದರ್ಶಿ ಗದರಿದ. ಅದು ಎಪ್ಪತ್ತೊಂಬತ್ತು.

ಕೊನೆಗೆ ಎಲ್ಲರೂ ಉಸಿರು ಹಿಡಿದರು. ಮೂವತ್ತೆಂಟು. ಫ್ರಿಜ್ಜಿನ ಗೊರಗೊರ, ಯಾರದೋ ಗಡಿಯಾರ, ಅಷ್ಟೇ.

"ಈಗ ಹಾಡಿನ ಜೊತೆ. ಶುರು ಮಾಡಮ್ಮಾ!" ಎಂದು ಮಾಮ ಒಳಗೆ ಕೂಗಿದ. ಅವನೊಳಗೆ ಅಧಿಕಾರಿಯಾದವನು ಐವತ್ತೈದರೊಳಗಿರಲಿ ಎಂದು ಬಯಸುತ್ತಿದ್ದ. ಅಪ್ಪನಾದವನು ನೂರಹತ್ತು ಬರಲಿ ಎಂದು ಹಾರೈಸುತ್ತಿದ್ದ. ಇಬ್ಬರ ಪರವಾಗಿಯೂ ಒಂದೇ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಮೀಟರ್ ಮೂವತ್ತೆಂಟು ತೋರಿಸಿತು.

"ಶುರುವಾಗಿಲ್ವೇನೋ" ಎಂದ ಮಾಮ. ಕೋಣೆಗೆ ಹೋಗಿ ಇಣುಕಿದರೆ, ಬೀರುವಿನೊಳಗೆ ರಜಾಯಿಗಳ ನಡುವೆ ಸಿಡಿಲು ಕಣ್ಣುಮುಚ್ಚಿ, ಮೈಕಿಗೆ ಮುತ್ತಿಡುವಷ್ಟು ಹತ್ತಿರ ಕೂತು ಎಂಟೂ ಸಾಲನ್ನು ಹೇಳುತ್ತಿದ್ದ. ಮಗಳು ಹೆಡ್‌ಫೋನಿನಲ್ಲಿ ಕೇಳುತ್ತಾ ತಲೆಯಾಡಿಸುತ್ತಿದ್ದಳು. ಬಾಯಿಗೆ ಬೆರಳಿಟ್ಟು ಅಪ್ಪನನ್ನು ಆಚೆ ಕಳಿಸಿದಳು.

"ಹಾಡು ಇದ್ರೂ ಮೂವತ್ತೆಂಟು, ಇಲ್ದಿದ್ರೂ ಮೂವತ್ತೆಂಟು" ಎಂದರು ಸಾಹೇಬರು.

"ಮೀಟರ್ ಕೆಟ್ಟಿರಬೇಕು ಸಾರ್!" ಎಂದು ಮಾಮ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಹೇಳಿದ. ಮತ್ತೆ ತಾಳೆ ನೋಡಿದ. ತೊಂಬತ್ತನಾಲ್ಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ ಮುಖ ಸಪ್ಪಗಾಯಿತು. ಡೆಸಿಬಲ್ಲಿನ ಲೆಕ್ಕ ಸಾಮಾನ್ಯ ಲೆಕ್ಕವಲ್ಲ. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಆ ಮೂವತ್ತೆಂಟಷ್ಟನ್ನೂ ಹಾಡಿನ ಲೆಕ್ಕಕ್ಕೇ ಬರೆದರೂ, ಲಿಫ್ಟಿನಲ್ಲಿ ಮಾಮ ತನ್ನ ಮಗಳನ್ನು ಹೊಗಳಿದ್ದು ಒಂದು ಕೋಟಿ ಐವತ್ತೆಂಟು ಲಕ್ಷ ಪಟ್ಟು ಹೆಚ್ಚಾಗಿತ್ತು. ಅಪ್ಪಂದಿರ ಸರಾಸರಿಗೆ ಹೋಲಿಸಿದರೆ ಇದು ತೀರಾ ಹೆಚ್ಚೇನಲ್ಲವಾದರೂ, ಅಳೆಯುವ ವೃತ್ತಿಯವನಿಗೆ ಶೋಭೆ ತರುವಂಥದ್ದಲ್ಲ.

ಆದರೆ ಅವನಿಗಿಂತ ಸಪ್ಪಗಾದವರು ದೂರುದಾರರು. ಏಕೆಂದರೆ ಸಾಹೇಬರು ದೂರಿನ ನಮೂನೆಯನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರವನ್ನು ಗಟ್ಟಿಯಾಗಿ ಓದಿದರು: "ಸುಳ್ಳು ದೂರು ನೀಡುವುದು ಶಿಕ್ಷಾರ್ಹ ಅಪರಾಧ. ಸಹಿ ಹಾಕಿದವರೆಲ್ಲ ಜವಾಬ್ದಾರರು."

ಟೀಚರಮ್ಮ ಕಿವಿಯ ಹತ್ತಿ ತೆಗೆದಳು. "ನಾನು ಅದನ್ನ ಓದೇ ಇಲ್ಲ ಸಾರ್. ಕಾರ್ಯದರ್ಶಿಗಳು ಬೆರಳಿಟ್ಟ ಕಡೆ ಸಹಿ ಹಾಕಿದೆ."

"ಕಿವಿ ಗುಂಯ್ ಅಂತಿದೆ ಅಂದೋರು ಯಾರಮ್ಮಾ?" ಎಂದು ಕಾರ್ಯದರ್ಶಿ ಸಿಡುಕಿದ.

"ಅದು ಬಿಪಿ ಇರಬಹುದು."

"ನಮ್ಮ ಮೀನು?" ಎಂದಳು ಎದುರುಮನೆಯಾಕೆ.

"ನಿಮ್ಮ ಮೀನು ಸಹಿ ಹಾಕಿಲ್ಲ, ಸುಮ್ನಿರಿ!"

ಕಾರ್ಯದರ್ಶಿಗೆ ದಿಕ್ಕು ತೋಚಲಿಲ್ಲ. ಬಾಗಿಲ ಬಳಿ ಹೋಗಿ ಒಳಗೆ ತಲೆಹಾಕಿ ಬೇಡಿಕೊಂಡ: "ಮಗಾ, ಸ್ವಲ್ಪ ಜೋರಾಗಿ ಹಾಡಮ್ಮಾ. ಒಂದು ಅರವತ್ತು ಬರೋ ಹಾಗಾದ್ರೂ. ನಮ್ಮ ಮರ್ಯಾದೆ ಪ್ರಶ್ನೆ."

"ಹೌದಮ್ಮಾ, ಜೋರಾಗಿ!" ಎಂದರು ಮೆಟ್ಟಿಲ ಮೇಲಿನವರು. "ನಾವೆಲ್ಲ ಇದೀವಿ, ಹೆದರಬೇಡ! ಯಾರೂ ದೂರು ಕೊಡಲ್ಲ!"

ಅಪ್ಪನೂ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಒಂದು ಎಪ್ಪತ್ತು ಮಾಡಬಹುದಾ? ನಾನು ಲಿಫ್ಟಲ್ಲಿ ಹೇಳಿಬಿಟ್ಟಿದೀನಿ..."

ಮಗಳು ಹೆಡ್‌ಫೋನು ಕೆಳಗಿಟ್ಟಳು. ಗೋಡೆ ಗಡಿಯಾರದಲ್ಲಿ ಐದು ಗಂಟೆ. ಸಿಡಿಲಿನ ಸಾಲುಗಳು ಮುಗಿದಿದ್ದವು, ಹಾಡು ಒಂದು ರೂಪಕ್ಕೆ ಬಂದಿತ್ತು.

"ಎಪ್ಪತ್ತು ಮಾಡಿದ್ರೆ ಮೈಕು ಗೋದಾಮಿಗೆ ಹೋಗತ್ತೆ, ಮೂವತ್ತೆಂಟೇ ಇದ್ರೆ ಇವರಿಗೆಲ್ಲ ಶಿಕ್ಷೆಯಾಗತ್ತೆ. ಅಲ್ವಾ ಅಪ್ಪಾ? ಸರಿ, ಆ ಲೆಕ್ಕ ಆಮೇಲೆ, ಮೊದಲು ಹಾಡು ಕೇಳಿ. ಹಾಲಲ್ಲಿ ಸ್ಪೀಕರಿಗೆ ಹಾಕ್ತೀನಿ. ಎಲ್ಲರೂ ಬಂದು ಕೂತ್ಕೊಳ್ಳಿ. ಆದ್ರೆ ಒಂದು ಷರತ್ತು. ನೀನು ಆ ಮೀಟರ್ ಕೆಳಗಿಡ್ಬೇಕು."

ಮಾಮ ಮೀಟರನ್ನು ಸ್ಟ್ಯಾಂಡಿನಿಂದ ಬಿಡಿಸಿ ತಂದು, ಹಾಲಿನ ಚಪ್ಪಲಿ ಗೂಡಿನ ಮೇಲೆ ಮಲಗಿಸಿದ. ಇಪ್ಪತ್ತಾರು ವರ್ಷದ ಅಭ್ಯಾಸಕ್ಕೆ ಅದನ್ನು ಆರಿಸುವುದು ಮಾತ್ರ ಅವನಿಗೆ ತೋಚಲಿಲ್ಲ. ಸಾಹೇಬರಿಗೆ ಒಳ್ಳೆಯ ಕುರ್ಚಿ ಸಿಕ್ಕಿತು, ಅಜ್ಜಿಗೆ ಸ್ಪೀಕರಿನ ಪಕ್ಕದ ಜಾಗ. ಉಳಿದವರು ಸಿಕ್ಕಲ್ಲಿ ಕೂತರು. ಸಿಡಿಲು ಸಂಕೋಚದಿಂದ ಬಾಗಿಲ ಪರದೆಯ ಹಿಂದೆ ನಿಂತ.

ತಬಲೆಯೂ ಅಲ್ಲದ, ಡ್ರಮ್ಮೂ ಅಲ್ಲದ ಒಂದು ತಾಳ ಶುರುವಾಯಿತು. ಅದೇನೆಂದು ಮಾಮನಿಗೆ ತಕ್ಷಣ ತಿಳಿಯಿತು: ದಿನಾ ಸಂಜೆ ಅವನು ಮನೆಗೆ ಬಂದು ಸ್ಟ್ಯಾಂಡಿನ ಮೂರು ಕಾಲನ್ನು ಮಡಿಚುವ ಸದ್ದು. ಟಕ್, ಟಕ್, ಟಟಕ್. ಅದರ ಮೇಲೆ ಮಗಳ ದನಿ:

ಗಾಡಿಗೊಂದು ಅಂಕಿ, ಗಿರಣಿಗೊಂದು ಅಂಕಿ,
ಗುಡುಗಿಗೂ ಕೊಟ್ಟೆ ಅಪ್ಪಾ ನೀನೊಂದು ಅಂಕಿ;
ಸ್ಕೂಲಲ್ಲಿ ಹಾಡಿದ್ದೆ, ಅರವತ್ತೆರಡು ಅಂದೆ,
ಚೆನ್ನಾಗಿತ್ತಾ ಅಂತ ಕೇಳಿದ್ದು ಇನ್ನೂ ಬಾಕಿ.

ಯಾರೂ ಮಾಮನ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಬಹಳ ಕಷ್ಟಪಡುತ್ತಿದ್ದುದರಿಂದ ಎಲ್ಲರೂ ನೋಡಿದಂತೆಯೇ ಆಯಿತು. ಆಮೇಲೆ ತಾಳ ತಗ್ಗಿತು, ಕಿವಿಯೊಳಗೇ ಯಾರೋ ಕೂತು ಹೇಳಿದಂತೆ ಅತಿಥಿಯ ಸಾಲುಗಳು ಬಂದವು:

ಗುಡುಗಿದರೆ ಊರೆಲ್ಲ ಸಾಕ್ಷಿ, ಸಹಿ ಹಾಕೋಕೆ ನೂರು ಮಂದಿ,
ಬೀಜ ಮೊಳಕೆ ಒಡೆಯೋ ಸದ್ದು ಯಾರ ಕಿವಿಗೆ ಬಿತ್ತು ಬಂದು?
ಪಿಸುಮಾತಿಗೂ ತೂಕ ಉಂಟು, ಕೇಳೋ ಮನಸು ಬೇಕೊಂದೇ,
ಮೀಟರಣ್ಣ, ಕಿವಿ ಇಡು ಮುಂದೆ, ಮೀಟರ್ ಇಡು ಹಿಂದೆ...

ಕಾರ್ಯದರ್ಶಿ ಕಂಕುಳ ಫೈಲನ್ನು ಮೆಲ್ಲಗೆ ನೆಲಕ್ಕಿಟ್ಟ. ಟೀಚರಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಸಾಹೇಬರೂ ಪೆನ್ನಿನ ಹಿಂಬದಿಯಿಂದ ಕುರ್ಚಿಯ ಕೈ ಬಡಿಯುತ್ತಿದ್ದರು. ತಾಳ ಒಮ್ಮೆ ಪೂರ್ತಿ ನಿಂತು, ಕೊನೆಯದಾಗಿ ಒಂದೇ ಸಲ 'ಟಕ್' ಎಂದು ಹಾಡು ಮುಗಿಯಿತು.

ಮಗಳು ಏನೂ ಕೇಳಲಿಲ್ಲ. ಸ್ಪೀಕರಿನ ವೈರು ಸುತ್ತುತ್ತಾ ನಿಂತಿದ್ದಳು. ಹಾಲಿನಲ್ಲಿ ಮೂವತ್ತೆಂಟಕ್ಕಿಂತಲೂ ಕಡಿಮೆಯಿತ್ತು.

"ಚೆನ್ನಾಗಿದೆ!"

ಕಿಟಕಿಯ ಗಾಜು ಅದುರಿತು. ಮೆಟ್ಟಿಲ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು. ಮಾಮ ತಾನು ಯಾವಾಗ ಎದ್ದುನಿಂತೆನೆಂದು ತಿಳಿಯದೆ, ಎರಡೂ ಕೈ ಮೇಲೆತ್ತಿ ನಿಂತಿದ್ದ. ಅರೆಕ್ಷಣ ಕಳೆದು ಹದಿನೇಳು ಮನೆಯವರು ಚಪ್ಪಾಳೆ ತಟ್ಟತೊಡಗಿದರು. ತಲೆ ಬಾಚಿಕೊಂಡು ಕೂತಿದ್ದ ಅಜ್ಜಿ ಬೆಚ್ಚಿ, ಕಿವಿ ಮುಟ್ಟಿಕೊಂಡು, ಮೊಮ್ಮಗಳತ್ತ ತಿರುಗಿ ನಕ್ಕಳು.

"ಕೇಳಿಸ್ತು ಕಣೇ! ಚೆನ್ನಾಗಿದೆ ಅಂತ ಹಾಡಿದೆ ಅಲ್ವಾ? ಚಿಕ್ಕದಾದ್ರೂ ಚೊಕ್ಕ ಹಾಡು!"

ಮಗಳು ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅದು ನಗುವೋ ಅಳುವೋ ಎಂದು ಹೆಂಡತಿ ಹತ್ತಿರ ಹೋಗಿ ನೋಡಿ, "ಎರಡೂ ಇದೆ ಕಣ್ರೀ" ಎಂದು ಗಂಡನಿಗೆ ವರದಿ ಒಪ್ಪಿಸಿದಳು.

ಆಗ ಸಾಹೇಬರು ಎದ್ದು ಚಪ್ಪಲಿ ಗೂಡಿನ ಬಳಿ ಹೋಗಿ ಮೀಟರ್ ಕೈಗೆತ್ತಿಕೊಂಡರು. ಅದು ನಡೆದದ್ದನ್ನೆಲ್ಲ ಗುರುತು ಹಾಕಿಕೊಂಡಿತ್ತು.

"ಹಾಡು ಐವತ್ತಮೂರು ಪಾಯಿಂಟ್ ಒಂಬತ್ತು. ಮಿತಿಯೊಳಗೇ ಇದೆ. ಎಷ್ಟಕ್ಕೆ ಇಡ್ಬೇಕು ಅಂತ ಸರಿಯಾಗಿ ಗೊತ್ತಿದೆ ಹುಡುಗಿಗೆ, ಯಾರ ಮಗಳು! ಚಪ್ಪಾಳೆ ಎಂಬತ್ತೆಂಟು. ಅದು ಹದಿನೇಳು ಮನೆಯದೂ ಸೇರಿ. ಆದ್ರೆ ಅದಕ್ಕೆ ಮುಂಚೆ ಒಂದು ತೊಂಬತ್ತೇಳು ಪಾಯಿಂಟ್ ಮೂರು ಇದೆಯಲ್ಲರೀ. ಇದು ಯಾರದು?"

ಎಲ್ಲರ ಬೆರಳೂ ಒಂದೇ ಕಡೆ ತಿರುಗಿದವು.

ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. "ಸಾರ್! ಮೂರನೇ ಮಹಡಿಯಿಂದ ಅಸಹನೀಯ ಶಬ್ದ. ನಮ್ಮ ದೂರು ನಿಜ ಆಯ್ತಲ್ಲ?"

"ಆಯ್ತು" ಎಂದರು ಸಾಹೇಬರು. "ದೂರು ನಿಜ. ಶಬ್ದದ ಮೂಲ ಮಾತ್ರ ಹಾಡಲ್ಲ. ಮೈಕು, ಕಂಪ್ಯೂಟರು ಮುಟ್ಟೋ ಹಾಗಿಲ್ಲ." ಹುಡುಗಿಯ ಕಡೆ ತಿರುಗಿ, "ಆರು ಗಂಟೆ ಒಳಗೆ ಅಲ್ವೇನಮ್ಮಾ? ನೋಡ್ತಾ ನಿಂತಿದೀಯಲ್ಲ, ಕಳಿಸು!" ಎಂದರು. ಹಾಡು ಐದು ಗಂಟೆ ನಲವತ್ತು ನಿಮಿಷಕ್ಕೆ ರೇಡಿಯೋಗೆ ಹೋಯಿತು. ಸಿಡಿಲು ಎಲ್ಲರಿಗೂ ಕೈಮುಗಿದು ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ, ಆದರೆ ಈ ಸಲ ಎಲ್ಲರೂ ಸುಮ್ಮನಾಗಿ ಕಿವಿಗೊಟ್ಟರು. ಅವನು ಇನ್ನೊಂದು ಲೋಟ ನೀರು ಕೇಳುತ್ತಿದ್ದ.

ನಿಯಮ ಅಂದರೆ ನಿಯಮ. ಮಾಮ ಅಲ್ಲೇ ಕೂತು ತನ್ನ ಮುದ್ದಾದ ಕೈಬರಹದಲ್ಲಿ ನೋಟಿಸು ಬರೆದ. ಶಬ್ದದ ಮೂಲ: ತಂದೆ. ಸ್ವರೂಪ: ಒಂದು ಪದ. ಅವಧಿ: ಒಂದು ಸೆಕೆಂಡಿಗಿಂತ ಕಡಿಮೆ. ಉಪಕರಣದ ಜಪ್ತಿ: ಗಂಟಲಾದ್ದರಿಂದ ಸಾಧ್ಯವಾಗಿಲ್ಲ. ಬರೆದು, ಹರಿದು, ಬಲಗೈಯಿಂದ ಎಡಗೈಗೆ ಕೊಟ್ಟುಕೊಂಡು, ತಲುಪಿದ್ದಕ್ಕೆ ಸಹಿ ಹಾಕಿದ.

ನೋಟಿಸಿಗೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಆರನೇ ದಿನ ಹಾಡು ರೇಡಿಯೋದಲ್ಲಿ ಬಂತು, ಹದಿನೆಂಟು ಮನೆಗಳಲ್ಲೂ ಒಟ್ಟಿಗೇ ಬಂತು. ಮಾಮ ಮೀಟರನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದ. ಏಳನೇ ದಿನ ಅವನು ಉತ್ತರ ಸಲ್ಲಿಸಿದ. 'ತಪ್ಪನ್ನು ಒಪ್ಪಿಕೊಳ್ಳುತ್ತೀರಾ?' ಎಂಬುದರ ಎದುರು 'ಹೌದು, ಸಂತೋಷದಿಂದ' ಎಂದಿತ್ತು. 'ಇದು ಮರುಕಳಿಸದಂತೆ ಕೈಗೊಂಡ ಕ್ರಮ' ಎಂಬುದರ ಎದುರು ಹೀಗಿತ್ತು:

"ಯಾವುದೂ ಇಲ್ಲ. ಮಗಳ ಎರಡನೇ ಹಾಡು ತಯಾರಾಗುತ್ತಿದೆ."